ಸಂವಹನ ಅಧ್ಯಯನದ ಮುಕ್ತ ಪಠ್ಯಗಳು: ಪರವಾನಗಿಯೊಂದು ಪುಸ್ತಕಗಳನ್ನು ಉಳಿಸಿದ ಬಗೆ

ಅಮೆರಿಕದ ಫ್ಲಾಟ್ ವರ್ಲ್ಡ್ ನಾಲೆಜ್ ಎಂಬ ಪ್ರಕಾಶನ ಸಂಸ್ಥೆಯು ತನ್ನ ಪಠ್ಯಪುಸ್ತಕಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಓದುವ ಸೌಲಭ್ಯವನ್ನು 2013ರ ಜನವರಿ 1ರಿಂದ ನಿಲ್ಲಿಸಿತು. ಭಾಷಣ ಕಲೆ, ವ್ಯವಹಾರ ಸಂವಹನ, ಮಾಧ್ಯಮ ಮತ್ತು ಸಂಸ್ಕೃತಿ ಮುಂತಾದ ವಿಷಯಗಳ ಪುಸ್ತಕಗಳೂ ಆ ಪಟ್ಟಿಯಲ್ಲಿದ್ದವು. ಉಚಿತ ಓದಿನಿಂದ ಸಂಸ್ಥೆ ನಡೆಸುವಷ್ಟು ಆದಾಯ ಬರದಿದ್ದಾಗ ಪ್ರಕಾಶಕರು ಇಂಥ ನಿರ್ಧಾರಕ್ಕೆ ಬರುವುದು ಅಸಹಜವಲ್ಲ. ಆದರೆ ಸಂವಹನವನ್ನು ಕಲಿಯಲು ಬಯಸುವ ಯಾರೇ ಆಗಲಿ ಇಂದು ಹುಡುಕಿದರೆ ಅದೇ ಪುಸ್ತಕಗಳು ಹಣ ಕೊಡದೆ, ಹೆಸರು ನೋಂದಾಯಿಸದೆ ಸಿಗುತ್ತವೆ. ಮಾರುವವರು ಉಚಿತ ಓದಿನ ಬಾಗಿಲು ಮುಚ್ಚಿದ ಮೇಲೂ ಪುಸ್ತಕಗಳು ಹೊರಗೇ ಉಳಿದದ್ದು ಹೇಗೆಂದು ತಿಳಿಯಲು ಅದಕ್ಕೂ ಒಂದೂವರೆ ದಶಕ ಹಿಂದಕ್ಕೆ ಹೋಗಬೇಕಾಗುತ್ತದೆ.

ಸಾಫ್ಟ್‌ವೇರ್ ಜಗತ್ತಿನಲ್ಲಿ ಅಷ್ಟರಲ್ಲಾಗಲೇ ಬೇರೂರಿದ್ದ ಮುಕ್ತ ಹಂಚಿಕೆಯ ತತ್ತ್ವವನ್ನು ಪಾಠ ಸಾಮಗ್ರಿಗೂ ಅನ್ವಯಿಸಬಹುದೆಂದು ಅಮೆರಿಕದ ಶಿಕ್ಷಣತಜ್ಞ ಡೇವಿಡ್ ವೈಲಿ 1998ರಲ್ಲಿ ಪ್ರತಿಪಾದಿಸಿದರು. ಮರುವರ್ಷ ರೈಸ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಬರಾನಿಯುಕ್ ಅವರು ಪಾಠ ಸಾಮಗ್ರಿಯನ್ನು ಅಂತರಜಾಲದಲ್ಲಿ ಮುಕ್ತವಾಗಿ ಹಂಚುವ ಕನೆಕ್ಷನ್ಸ್ ಎಂಬ ಯೋಜನೆಯನ್ನು ಆರಂಭಿಸಿದರು. 2001ರ ಏಪ್ರಿಲ್‌ನಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ತನ್ನ ಕೋರ್ಸುಗಳ ಸಾಮಗ್ರಿಯನ್ನು ಎಲ್ಲರಿಗೂ ತೆರೆದಿಡುವುದಾಗಿ ಘೋಷಿಸಿದ್ದು ದೊಡ್ಡ ಸುದ್ದಿಯಾಯಿತು. 2002ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಯುನೆಸ್ಕೋ ಕರೆದ ಸಭೆಯಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ಹೆಸರು ಬಳಕೆಗೆ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೃತಿಯನ್ನು ಇತರರು ಯಾವ ಷರತ್ತುಗಳ ಮೇಲೆ ಹಂಚಬಹುದು, ಬಳಸಬಹುದು ಎಂಬುದಕ್ಕೆ ಹಕ್ಕುದಾರರು ಮೊದಲೇ ಅನುಮತಿ ಕೊಡಲು ನೆರವಾಗುವ ಕ್ರಿಯೇಟಿವ್ ಕಾಮನ್ಸ್‌ನ ಮೊದಲ ಪರವಾನಗಿಗಳು ಹೊರಬಂದವು.

ಮೆಸಾಚುಸೆಟ್ಸ್ ಸಂಸ್ಥೆಯ ಸಂಗ್ರಹದಲ್ಲಿ ಮಾಧ್ಯಮ ಅಧ್ಯಯನದ ಕೋರ್ಸುಗಳೂ ಸೇರಿದವು. ಆದರೆ ಎಂಜಿನಿಯರಿಂಗ್ ವಿಷಯಗಳಿಗೆ ಸಿಕ್ಕಷ್ಟು ಪ್ರಯೋಜನ ಈ ಕೋರ್ಸುಗಳ ಕಲಿಕೆದಾರರಿಗೆ ಸಿಗಲಿಲ್ಲವೆಂದೇ ನನ್ನ ಅನಿಸಿಕೆ. ಗಣಿತದ ಪಾಠ ಟಿಪ್ಪಣಿಯಲ್ಲಿ ಲೆಕ್ಕವೂ ಇರುತ್ತದೆ, ಅದನ್ನು ಬಿಡಿಸುವ ಹಾದಿಯೂ ಇರುತ್ತದೆ. ಮಾಧ್ಯಮದ ಕೋರ್ಸಿನಲ್ಲಿ ಪಾಠದ ತಿರುಳು ಇರುವುದು ಓದಬೇಕಾದ ಲೇಖನಗಳಲ್ಲಿ, ನೋಡಬೇಕಾದ ಚಿತ್ರಗಳಲ್ಲಿ. ಅವುಗಳ ಹಕ್ಕು ಬೇರೆಯವರ ಬಳಿ ಇದ್ದುದರಿಂದ ಕಲಿಯುವವರ ಕೈಗೆ ಹೆಚ್ಚಾಗಿ ಸಿಕ್ಕಿದ್ದು ಪಠ್ಯಕ್ರಮ ಮತ್ತು ಓದಿನ ಪಟ್ಟಿ ಮಾತ್ರ. ಆದ್ದರಿಂದ ಸಂವಹನದ ಕಲಿಕೆ ನಿಜವಾಗಿ ತೆರೆದುಕೊಳ್ಳಲು ಮೊದಲಿನಿಂದ ಕೊನೆಯವರೆಗೆ ಮುಕ್ತವಾಗಿಯೇ ಬರೆಯಲ್ಪಟ್ಟ ಪುಸ್ತಕಗಳು ಬೇಕಿದ್ದವು. ಹಂಬೋಲ್ಟ್ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರು ಅಧ್ಯಾಪಕರು ಸಂವಹನ ಅಧ್ಯಯನಕ್ಕೆ ಪ್ರವೇಶಿಕೆಯಾಗುವ ಪುಸ್ತಕವೊಂದನ್ನು ಯಾರು ಬೇಕಾದರೂ ತಿದ್ದಬಹುದಾದ ವಿಕಿಬುಕ್ಸ್‌ನಲ್ಲಿಯೇ ಇರಿಸಿದ್ದು ಆ ದಿಕ್ಕಿನ ಒಂದು ಧೈರ್ಯದ ಹೆಜ್ಜೆ.

2007ರಲ್ಲಿ ಸ್ಥಾಪನೆಯಾದ ಫ್ಲಾಟ್ ವರ್ಲ್ಡ್ ಬೇರೆ ಹಾದಿ ಹಿಡಿಯಿತು. ಲೇಖಕರಿಗೆ ಗೌರವಧನ ಕೊಟ್ಟು ಬರೆಸುವುದು, ಪುಸ್ತಕವನ್ನು ಅಂತರಜಾಲದಲ್ಲಿ ಉಚಿತವಾಗಿ ಕೊಡುವುದು, ಮುದ್ರಿತ ಪ್ರತಿ ಮತ್ತು ಅಭ್ಯಾಸ ಸಾಮಗ್ರಿಯ ಮಾರಾಟದಿಂದ ಖರ್ಚು ಹುಟ್ಟಿಸಿಕೊಳ್ಳುವುದು ಅದರ ಯೋಜನೆಯಾಗಿತ್ತು. ಆ ಯೋಜನೆ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಸಂಸ್ಥೆಯು ಪುಸ್ತಕಗಳಿಗೆ ಹಚ್ಚಿದ್ದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಹಳ ಮಂದಿ ಗಮನಿಸದ ಒಂದು ಷರತ್ತಿತ್ತು: ಹಕ್ಕುದಾರರು ಮುಂದೆ ಕೃತಿಯನ್ನು ಹಂಚುವುದನ್ನು ನಿಲ್ಲಿಸಬಹುದು, ಆದರೆ ಈಗಾಗಲೇ ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಉಚಿತ ಕೋರ್ಸುಗಳನ್ನು ಒದಗಿಸುವ ಸೇಯ್ಲರ್ ಸಂಸ್ಥೆ ಮುಂತಾದವರು ಆ ಪುಸ್ತಕಗಳ ಪ್ರತಿಗಳನ್ನು ಉಳಿಸಿಟ್ಟುಕೊಂಡರು. ಮುಂದೆ ಮಿನೆಸೋಟ ವಿಶ್ವವಿದ್ಯಾಲಯದ ಗ್ರಂಥಾಲಯ ಪ್ರಕಾಶನವು 2015 ಮತ್ತು 2016ರಲ್ಲಿ ಅವುಗಳಲ್ಲಿ ಹಲವನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸಿತು. ಇಂದು ಅನೇಕ ತರಗತಿಗಳಲ್ಲಿ ಬಳಕೆಯಲ್ಲಿರುವ ‘ಕಮ್ಯುನಿಕೇಷನ್ ಇನ್ ದಿ ರಿಯಲ್ ವರ್ಲ್ಡ್’ ಹೀಗೆ ಬಂದದ್ದೇ.

ಆ ಪುಸ್ತಕದ ಮುಖಪುಟದಲ್ಲಿ ಲೇಖಕರ ಹೆಸರಿಲ್ಲ. ತಮ್ಮ ಹೆಸರನ್ನಾಗಲಿ ಮೂಲ ಲೇಖಕರ ಹೆಸರನ್ನಾಗಲಿ ನಮೂದಿಸಬಾರದೆಂದು ಮೂಲ ಪ್ರಕಾಶಕರು ಕೋರಿದ್ದರು. ಪರವಾನಗಿಯ ಪ್ರಕಾರ ಅಂಥ ಕೋರಿಕೆಯನ್ನು ಪಾಲಿಸಬೇಕಾಗುತ್ತದೆ. ಪುಸ್ತಕ ಉಳಿಯಿತು, ಬರೆದವರ ಹೆಸರು ಅಳಿಯಿತು. ವರ್ಷಗಟ್ಟಲೆ ದುಡಿದು ಬರೆದವರಿಗೆ ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಆದರೂ ವೆಚ್ಚವಿಲ್ಲದೆ ಓದಲು ಬಿಡುವುದು ಒಂದು, ಇಟ್ಟುಕೊಳ್ಳಲು ತಿದ್ದಲು ಮರುಹಂಚಲು ಹಕ್ಕು ಕೊಡುವುದು ಇನ್ನೊಂದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ನಿದರ್ಶನ ಈ ಕ್ಷೇತ್ರದಲ್ಲಿಲ್ಲ. ವೈಲಿ ಅವರು ಮುಕ್ತ ಸಾಮಗ್ರಿಗೆ ಇರಬೇಕಾದ ನಾಲ್ಕು ಸ್ವಾತಂತ್ರ್ಯಗಳನ್ನು (ಬಳಸುವುದು, ತಿದ್ದುವುದು, ಬೇರೆಯದರೊಡನೆ ಬೆರೆಸುವುದು, ಹಂಚುವುದು) ಮೊದಲೇ ಹೇಳಿದ್ದರು. ತನ್ನ ಪ್ರತಿಯನ್ನು ತಾನೇ ಇರಿಸಿಕೊಳ್ಳುವ ಐದನೆಯ ಸ್ವಾತಂತ್ರ್ಯವನ್ನು ಅವರು ಸೇರಿಸಿದ್ದು 2014ರಲ್ಲಿ.

ತಿದ್ದುವ ಹಕ್ಕು ಸಂವಹನದ ಪುಸ್ತಕಗಳಿಗೆ ಬೇರೆಲ್ಲಕ್ಕಿಂತ ಹೆಚ್ಚು ಬೇಕು. 2010ರಲ್ಲಿ ಬರೆದ ಕಲನಶಾಸ್ತ್ರದ ಪಠ್ಯ ಇಂದಿಗೂ ಹಾಗೆಯೇ ನಡೆಯುತ್ತದೆ. ಅದೇ ವರ್ಷ ಬರೆದ ಮಾಧ್ಯಮದ ಪಠ್ಯದಲ್ಲಿ ಸಾಮಾಜಿಕ ಜಾಲತಾಣಗಳ ಕುರಿತ ಅಧ್ಯಾಯ ಇಂದಿನ ವಿದ್ಯಾರ್ಥಿಗೆ ಇತಿಹಾಸದ ಪಾಠದಂತೆ ಕಾಣುತ್ತದೆ. ಉದಾಹರಣೆಗಳನ್ನು ಬಳಸುವುದರಲ್ಲಿಯೂ ತೊಡಕಿದೆ. ಜಾಹೀರಾತನ್ನು ವಿಶ್ಲೇಷಿಸಲು ಕಲಿಸುವವರು ಜಾಹೀರಾತನ್ನೇ ತೋರಿಸಬೇಕಾಗುತ್ತದೆ, ಆದರೆ ಅದರ ಹಕ್ಕುಸ್ವಾಮ್ಯ ಕಂಪನಿಯದ್ದು. ಈ ಭಯದಿಂದ ಸಂಶೋಧಕರೇ ಹಿಂಜರಿಯುತ್ತಿದ್ದುದನ್ನು ಕಂಡು ಅಂತರರಾಷ್ಟ್ರೀಯ ಸಂವಹನ ಸಂಘವು 2010ರಲ್ಲಿ ನ್ಯಾಯಯುತ ಬಳಕೆಯ, ಅಂದರೆ ಹಕ್ಕುದಾರರ ಅನುಮತಿ ಕೇಳದೆಯೂ ಕಾನೂನು ಒಪ್ಪುವ ಮಿತ ಬಳಕೆಯ, ಸಂಹಿತೆಯೊಂದನ್ನು ಪ್ರಕಟಿಸಿತು. ಮುಕ್ತ ಪಠ್ಯಗಳನ್ನು ಬರೆಯುವವರಿಗಾಗಿಯೇ ಇನ್ನೊಂದು ಸಂಹಿತೆ 2021ರಲ್ಲಿ ಬಂತು. ಎರಡೂ ಮುಖ್ಯವಾಗಿ ಅಮೆರಿಕದ ಕಾನೂನನ್ನು ಆಧರಿಸಿದವು. ಬೇರೆ ದೇಶದ ಅಧ್ಯಾಪಕರು ತಮ್ಮ ಕಾನೂನಿನ ವಿನಾಯಿತಿಗಳನ್ನು ತಾವೇ ಪರಿಶೀಲಿಸಿಕೊಳ್ಳಬೇಕಾಗುತ್ತದೆ.

ಅಮೆರಿಕದ ಅನೇಕ ಕಾಲೇಜುಗಳಲ್ಲಿ ಭಾಷಣ ಕಲೆ ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯವಾದ್ದರಿಂದ ಮುಕ್ತ ಪುಸ್ತಕಗಳು ಅತಿ ಹೆಚ್ಚು ಇರುವುದೂ ಆ ವಿಷಯದಲ್ಲಿಯೇ. ಅಭಿವೃದ್ಧಿ ಸಂವಹನ, ಸಮುದಾಯ ರೇಡಿಯೋ, ಮೌಖಿಕ ಪರಂಪರೆಗಳ ಸಂವಹನ ಕ್ರಮ ಇವುಗಳಿಗೆ ಮೀಸಲಾದ ಪುಸ್ತಕಗಳು ತೀರ ವಿರಳ. ಸುದ್ದಿಯ ಹರಿವು ಕೆಲವೇ ದೇಶಗಳಿಂದ ಉಳಿದವರ ಕಡೆಗೆ ಏಕಮುಖವಾಗಿದೆ ಎಂಬ ದೂರನ್ನು ಸೀನ್ ಮ್ಯಾಕ್‌ಬ್ರೈಡ್ ಅಧ್ಯಕ್ಷತೆಯ ಯುನೆಸ್ಕೋ ಆಯೋಗವು 1980ರ ವರದಿಯಲ್ಲಿ ಜಗತ್ತಿನ ಮುಂದಿಟ್ಟಿತ್ತು. ಆ ವರದಿಯನ್ನು ಪಾಠವಾಗಿ ಓದಿಸುವ ವಿಷಯದ ಪಠ್ಯಗಳೇ ಬಹುಪಾಲು ಒಂದೇ ದೇಶದಿಂದ, ಒಂದೇ ಭಾಷೆಯಲ್ಲಿ ಬರುತ್ತಿರುವುದು ಕಳವಳದ ಸಂಗತಿ.

ಇದಕ್ಕೆ ಬದಲಾದ ದಾರಿಯೂ ಕಾಣದೆ ಇಲ್ಲ. ಪತ್ರಿಕೋದ್ಯಮ ಮತ್ತು ಸುಳ್ಳು ಸುದ್ದಿಯ ಕುರಿತು ಯುನೆಸ್ಕೋ 2018ರಲ್ಲಿ ಮುಕ್ತ ಪರವಾನಗಿಯಡಿ ಹೊರತಂದ ಕೈಪಿಡಿ ಹಲವು ಭಾಷೆಗಳಿಗೆ ಅನುವಾದವಾಯಿತು. ಮರುವರ್ಷ ನವೆಂಬರ್‌ನಲ್ಲಿ ಯುನೆಸ್ಕೋದ ಮಹಾಸಮ್ಮೇಳನ ಅಂಗೀಕರಿಸಿದ ಶಿಫಾರಸು, ಮಾರ್ಪಡಿಸುವ ಮತ್ತು ಮರುಹಂಚುವ ಅನುಮತಿಯನ್ನು ಮುಕ್ತ ಸಂಪನ್ಮೂಲದ ಲಕ್ಷಣದೊಳಗೇ ಸೇರಿಸಿತು. ಹೀಗಾಗಿ ಬದಲಾವಣೆಯನ್ನು ನಿಷೇಧಿಸುವ ಪರವಾನಗಿಯಿರುವ ಪಠ್ಯವನ್ನು ಉಚಿತವಾಗಿ ಓದಬಹುದಾದರೂ ಆ ಲಕ್ಷಣಕ್ಕೆ ಅದು ಹೊಂದುವುದಿಲ್ಲ; ಅದನ್ನು ಅನುವಾದಿಸಿ ಹಂಚಲೂ ಪ್ರತ್ಯೇಕ ಅನುಮತಿ ಬೇಕು. ಮಿನೆಸೋಟದ ಪುಸ್ತಕಗಳಿಗೆ ಅಂಥ ತಡೆಯಿಲ್ಲ. ಮಾರಾಟದ ಲಾಭಕ್ಕೆ ಬಳಸದೆ, ಬದಲಿಸಿದ ಪಠ್ಯವನ್ನೂ ಅದೇ ಪರವಾನಗಿಯಡಿ ಕೊಡಲು ಒಪ್ಪುವ ಯಾವ ಅಧ್ಯಾಪಕರೇ ಆಗಲಿ ಅವುಗಳ ಅಧ್ಯಾಯಗಳನ್ನು ತಮ್ಮ ಭಾಷೆಗೆ ತಂದು, ಅಲ್ಲಿನ ಉದಾಹರಣೆಗಳ ಜಾಗದಲ್ಲಿ ತಮ್ಮ ವಿದ್ಯಾರ್ಥಿಗಳು ಬಲ್ಲ ಪತ್ರಿಕೆ, ಭಾಷಣ ಮತ್ತು ಪ್ರಸಾರಗಳನ್ನು ಇರಿಸಿ ಪ್ರಕಟಿಸಬಹುದು.