ಪಹಣಿಯಲ್ಲಿ ಹೆಸರಿಲ್ಲದವರ ಲೆಕ್ಕ

ದೊಡ್ಡ ಸೋಲಾರ್ ಪಾರ್ಕ್ ಅಂದ ಕೂಡಲೇ ಜನ ಕೇಳುವುದು ಪ್ಯಾನೆಲ್ ಬಗ್ಗೆ. ಎಷ್ಟು ವರ್ಷ ಬಾಳಿಕೆ ಬರುತ್ತೆ, ಧೂಳು ಒರೆಸೋದು ಯಾರು ಅಂತ. ಯೋಜನಾ ವರದಿ ಬರೆಯುವ ನಮಗೆ ಪ್ಯಾನೆಲ್ ಅಂಥ ತಲೆನೋವಲ್ಲ. ದುಡ್ಡು ಕೊಟ್ಟರೆ ಲಾರಿಯಲ್ಲಿ ಬಂದಿಳಿಯುತ್ತದೆ. ಲಾರಿಯಲ್ಲಿ ಬಾರದವು ಎರಡು: ಕರೆಂಟ್ ಸಾಗಿಸುವ ಲೈನು ಮತ್ತು ಜಮೀನು. ಸರ್ಕಾರ ಮೊದಲೇ ಕೂತು ಯೋಚಿಸಬೇಕಾದ್ದೂ ಇವೆರಡನ್ನೇ.

ಲೈನಿನ ಮಾತು ಬೇಗ ಮುಗಿಸಿಬಿಡುತ್ತೇನೆ. ಸೋಲಾರ್ ಘಟಕ ಒಂದೂವರೆ ವರ್ಷದಲ್ಲಿ ಎದ್ದು ನಿಲ್ಲಬಹುದು. 400 ಕೆವಿ (ಕಿಲೋವೋಲ್ಟ್) ಲೈನಿಗೆ, ಟವರ್ ಜಾಗದ ತಕರಾರೆಲ್ಲ ಸೇರಿ, ಅದರ ಎರಡರಷ್ಟು ಸಮಯ ಹಿಡಿದರೂ ಜಾಸ್ತಿಯಲ್ಲ. ಕಂಪನಿಗಳು ಬರಲಿ, ಆಮೇಲೆ ನೋಡೋಣ ಎಂದರೆ ಕರೆಂಟ್ ತಯಾರಾದರೂ ಹೋಗಲು ದಾರಿ ಇರುವುದಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯ 2008ರಲ್ಲಿ ಗಾಳಿ ಚೆನ್ನಾಗಿರುವ ಐದು ವಲಯ ಗುರುತಿಸಿ, ಗಾಳಿಯಂತ್ರಗಳಿಗೆ ಕಾಯದೆ ಲೈನ್ ಎಳೆಸಿತು. ಸುಮಾರು 700 ಕೋಟಿ ಡಾಲರ್ ಖರ್ಚು, ವಸೂಲಿ ಗ್ರಾಹಕರ ಬಿಲ್ಲಿನಿಂದ. 2014ರ ಹೊತ್ತಿಗೆ ಲೈನ್ ಮುಗಿಯಿತು, ಗಾಳಿ ಕಂಪನಿಗಳೂ ಬಂದವು.

ಜಮೀನಿನ ವಿಷಯದಲ್ಲಿ ನಮ್ಮ ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕೇ ಪಾಠ. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟ್. ಮಳೆ ನಂಬಿ ಶೇಂಗಾ ಬಿತ್ತುವ ನೆಲ ಅದು. ಕೇಂದ್ರ ಮತ್ತು ರಾಜ್ಯದ ಸಂಸ್ಥೆಗಳು ಕೂಡಿ 2015ರಲ್ಲಿ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಕಟ್ಟಿದವು. ನಿಗಮ ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ. ರೈತರಿಂದ 28 ವರ್ಷಕ್ಕೆ ಗುತ್ತಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಪೌತಿ ಖಾತೆ (ತೀರಿಹೋದವರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗದ, ಪೋಡಿ (ಅಳತೆ ಮಾಡಿ ಹಿಸ್ಸೆ ಬೇರ್ಪಡಿಸುವುದು) ಆಗದ, ತಾತನ ಹೆಸರಲ್ಲೇ ಉಳಿದ ಪಹಣಿಗಳ ರಗಳೆಯನ್ನು ಯಾವ ಖಾಸಗಿ ಕಂಪನಿಯೂ ಇಷ್ಟು ದೊಡ್ಡ ಮಟ್ಟದಲ್ಲಿ ಹೊರುತ್ತಿರಲಿಲ್ಲ. ನಿಗಮ ಹೊತ್ತುಕೊಂಡು, ರಸ್ತೆ, ಸಬ್‌ಸ್ಟೇಷನ್ ಸಮೇತ ಜಾಗವನ್ನು 50 ಮೆಗಾವ್ಯಾಟಿನ ತುಂಡುಗಳಾಗಿ ಕಂಪನಿಗಳಿಗೆ ಕೊಟ್ಟಿತು. 2018ರಲ್ಲಿ ಮೊದಲ ಹಂತ ಶುರುವಾಗಿ, 2019 ಮುಗಿಯುವಷ್ಟರಲ್ಲಿ ಇಡೀ ಪಾರ್ಕ್ ಓಡುತ್ತಿತ್ತು. ಜಮೀನು ರೈತರ ಹೆಸರಲ್ಲೇ ಉಳಿಯಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಎರಡು ವರ್ಷಕ್ಕೆ ಶೇ. 5 ಅನ್ನುವ ಸಾಲಿನ ಮೇಲೆ ಸ್ವಲ್ಪ ಪೆನ್ನು ಆಡಿಸಿ ನೋಡಿ. 21,000 ರೂಪಾಯಿ ಕೊನೆಯ ವರ್ಷಕ್ಕೆ ಸುಮಾರು 39,600 ಆಗುತ್ತದೆ. ಅಂದರೆ 28 ವರ್ಷದಲ್ಲಿ ಎರಡು ಪಟ್ಟೂ ಆಗಲಿಲ್ಲ. ಅಕ್ಕಿ ಬೇಳೆ ವರ್ಷಕ್ಕೆ ಶೇ. 5 ಏರಿದರೆ ಅಷ್ಟರಲ್ಲಿ ಬೆಲೆ ನಾಲ್ಕು ಪಟ್ಟು ಹತ್ತಿರ ಬಂದಿರುತ್ತದೆ. ಸಹಿ ಹಾಕುವ ದಿನ 21,000 ದೊಡ್ಡದಾಗಿ ಕಾಣುತ್ತದೆ, ಅಲ್ವಾ? ಬರಗಾಲದ ಊರಲ್ಲಿ ಇನ್ನೂ ದೊಡ್ಡದು.

ಇದು ಪಹಣಿ ಇದ್ದವರ ಕಥೆ. ಕಳೆ ಕೀಳಲು, ಶೇಂಗಾ ಬಿಡಿಸಲು ಹೋಗುತ್ತಿದ್ದ ಕೂಲಿ ಹೆಂಗಸರಿಗೆ ಗುತ್ತಿಗೆ ಹಣವಿಲ್ಲ. ಬೇಲಿ ಹಾಕಿದ ಮೇಲೆ ಕುರಿ ಮೇಯಿಸುವವರಿಗೆ ದಾರಿಯಿಲ್ಲ. ಪಾರ್ಕಿನೊಳಗೆ ಪ್ಯಾನೆಲ್ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಇದೆ. ಆದರೆ ಐದು ಹಳ್ಳಿಯ ಕೂಲಿಗೆ ಅದು ಸಾಲದು. ಯೋಜನಾ ವರದಿಗಳು ಜಮೀನನ್ನು ಸರ್ವೆ ನಂಬರಿನಲ್ಲಿ ಎಣಿಸುತ್ತವೆ. ಆ ನೆಲದ ಮೇಲೆ ಬದುಕುವವರನ್ನು ಎಣಿಸುವ ಕಾಲಂ ನಮೂನೆಯಲ್ಲಿ ಇದ್ದರೂ ಅದನ್ನು ಸುಮ್ನೆ ತುಂಬಿ ಮುಂದೆ ಹೋಗುವುದೇ ಹೆಚ್ಚು.

ಇವರಿಗೆ ಕೊಡಲು ದುಡ್ಡಿಲ್ಲ ಎನ್ನುವ ಉತ್ತರವನ್ನು ನಾನು ಒಪ್ಪುವುದಿಲ್ಲ. ಒಂದು ಮೆಗಾವ್ಯಾಟಿಗೆ ಸುಮಾರು ಆರೂವರೆ ಎಕರೆ, ವರ್ಷದ ಗುತ್ತಿಗೆ ಸುಮಾರು 1.36 ಲಕ್ಷ ರೂಪಾಯಿ. ಅಷ್ಟು ಜಾಗದಿಂದ ವರ್ಷಕ್ಕೆ ಸುಮಾರು 20 ಲಕ್ಷ ಯೂನಿಟ್ ಹಿಡಿಯಿರಿ. ಯೂನಿಟ್‌ಗೆ ಜಮೀನಿನ ಖರ್ಚು 7 ಪೈಸೆ! ಇದರ ಮೇಲೆ ಒಂದೇ ಒಂದು ಪೈಸೆ ಸೇರಿಸಿದರೆ ಇಡೀ ಪಾರ್ಕಿಗೆ ವರ್ಷಕ್ಕೆ ಸುಮಾರು 4 ಕೋಟಿ. ಜಮೀನಿಲ್ಲದ ಮನೆಗಳಿಗೆ, ಕುರಿಗಾಹಿಗಳಿಗೆ ಅಂತಲೇ ಅದನ್ನು ಮೀಸಲಿಡಬಹುದು.

ಈ ಪೈಸೆ ಟೆಂಡರ್ ದಾಖಲೆಯಲ್ಲೇ ಇರಬೇಕು. ಆಗ ಎಲ್ಲ ಕಂಪನಿಗಳೂ ಅದನ್ನು ಸೇರಿಸಿಯೇ ದರ ಕೂಗುತ್ತವೆ, ಯಾರಿಗೂ ನಷ್ಟವಿಲ್ಲ. 25 ವರ್ಷದ ವಿದ್ಯುತ್ ಖರೀದಿ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಕೇಳಲು ಹೋದರೆ, ಬಾಗಿಲು ತೆರೆಯುವುದು ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ವಾದಿಸುವ ವಕೀಲರು ಮಾತ್ರ.