ಕೆಸರು ಹೊದ್ದ ಗುಡ್ಡಗಳು

ಭೂಮಿಯ ಮೇಲಿನ ಅತಿ ದೊಡ್ಡ ಸಪಾಟು ಬಯಲುಗಳು ಇರುವುದು ಸಮುದ್ರದ ತಳದಲ್ಲಿ. ಮೂರರಿಂದ ಆರು ಕಿಲೋಮೀಟರ್ ಆಳದಲ್ಲಿ ಹರಡಿರುವ ಇವಕ್ಕೆ ಆಳ ಸಾಗರ ಮೈದಾನ ಎಂದು ಹೆಸರು. ಇಲ್ಲಿ ಒಂದು ಕಿಲೋಮೀಟರ್ ಸಾಗಿದರೂ ನೆಲ ಒಂದು ಮೀಟರಿನಷ್ಟೂ ಇಳಿಯುವುದಿಲ್ಲ. ಆದರೆ ಈ ಸಪಾಟು ಬರೀ ಮೇಲ್ಮೈಯದು. ಕೆಸರನ್ನೂ ತೂರಿಕೊಂಡು ಹೋಗುವ ಶಬ್ದದ ಅಲೆಗಳನ್ನು ಹಡಗಿನಿಂದ ಬಿಟ್ಟು ನೋಡಿದರೆ, ಅಡಿಯಲ್ಲಿ ಒರಟು ಗುಡ್ಡಗಳು, ಕಣಿವೆಗಳು ಕಾಣುತ್ತವೆ. ಕೆಲವೆಡೆ ಒಂದು ಕಿಲೋಮೀಟರಿಗಿಂತ ಜಾಸ್ತಿ ದಪ್ಪದ ಕೆಸರು ಅವನ್ನೆಲ್ಲ ಮುಚ್ಚಿದೆ.

ಇಷ್ಟು ಕೆಸರು ಬಂದದ್ದೆಲ್ಲಿಂದ? ಧೂಳು, ಸತ್ತ ಸೂಕ್ಷ್ಮಜೀವಿಗಳ ಚಿಪ್ಪು ಮೇಲಿನಿಂದ ಸುಮ್ನೆ ಉದುರುತ್ತಲೇ ಇರುತ್ತವೆ, ನಿಜ. ನಡುಗಡಲಿನಲ್ಲಿ ನುಣ್ಣನೆಯ ಜೇಡಿಮಣ್ಣು ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್ ಕೂಡುತ್ತದೆ. ಆದರೆ ಉದುರಿದ್ದು ಗುಡ್ಡದ ಮೇಲೂ ಬೀಳುತ್ತದೆ, ತಗ್ಗಿನಲ್ಲೂ ಬೀಳುತ್ತದೆ. ಹಿಮ ಬಿದ್ದ ಮೇಲೂ ಗುಡ್ಡ ಗುಡ್ಡದ ಹಾಗೇ ಕಾಣುತ್ತದೆ, ಅಲ್ವಾ? ತಗ್ಗುಗಳನ್ನೇ ಹುಡುಕಿ ತುಂಬಬೇಕೆಂದರೆ ಕೆಸರು ಹರಿದು ಬರಬೇಕು.

ಹಾಗೆ ಹರಿಯುತ್ತದೆ ಎಂದು ತೋರಿಸಿಕೊಟ್ಟಿದ್ದು ತುಂಡಾದ ಕೇಬಲ್‌ಗಳು. 1929ರ ನವೆಂಬರ್ 18ರಂದು ಈಗಿನ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣಕ್ಕೆ, ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಆಳವಿಲ್ಲದ ಕಡಲಿನ ಅಂಚಿನಲ್ಲಿ ಭೂಕಂಪವಾಯಿತು. ಸಮುದ್ರದ ತಳದಲ್ಲಿ ಹಾಸಿದ್ದ, ಹತ್ತಿರದ ಟೆಲಿಗ್ರಾಫ್ ಕೇಬಲ್‌ಗಳು ಕೂಡಲೇ ತುಂಡಾದವು. ಅದರಲ್ಲೇನೂ ವಿಶೇಷವಿಲ್ಲ. ನೆಲ ನಡುಗುವುದು ನಿಂತ ಮೇಲೂ ಇನ್ನಷ್ಟು ಆಳದ, ಇನ್ನಷ್ಟು ದೂರದ ಕೇಬಲ್‌ಗಳು ಸರದಿ ಹಿಡಿದಂತೆ ತುಂಡಾಗುತ್ತಾ ಹೋದದ್ದು ವಿಚಿತ್ರ. ಕೊನೆಯದು ತುಂಡಾಗುವಾಗ 13 ಗಂಟೆ ಕಳೆದಿತ್ತು. ಕೇಬಲ್ ತುಂಡಾದ ಕೂಡಲೇ ಸಂದೇಶ ನಿಲ್ಲುತ್ತದೆ, ಹಾಗಾಗಿ ಯಾವುದು ಯಾವಾಗ ತುಂಡಾಯಿತು ಎಂಬ ಲೆಕ್ಕ ಕಂಪನಿಗಳ ಬಳಿ ಪಕ್ಕಾ ಇತ್ತು. ಆದರೂ ಅದರ ಅರ್ಥ ಬಿಡಿಸಲು 1952ರವರೆಗೆ ಕಾಯಬೇಕಾಯಿತು. ಇಳಿಜಾರಿನಲ್ಲಿ ಕುಸಿದ ಮಣ್ಣು ನೀರಿನಲ್ಲಿ ಕಲೆತು, ಭಾರದ ಕೆಸರು ಪ್ರವಾಹವಾಗಿ ನೂರಾರು ಕಿಲೋಮೀಟರ್ ಓಡಿತ್ತು ಎಂದು ಅಮೆರಿಕದ ಸಾಗರ ವಿಜ್ಞಾನಿಗಳಾದ ಬ್ರೂಸ್ ಹೀಜನ್ ಮತ್ತು ಮಾರಿಸ್ ಯೂಯಿಂಗ್ ವಿವರಿಸಿದರು. ಕೇಬಲ್‌ಗಳ ನಡುವಿನ ದೂರವನ್ನು ಸಮಯದಿಂದ ಭಾಗಿಸಿದರೆ ಅದರ ವೇಗವೂ ಸಿಗುತ್ತದೆ. ಶಾಲೆಯ ಲೆಕ್ಕ ಅಷ್ಟೇ!

ಇದು ಗೊತ್ತಾದರೆ ತಳದ ಉಳಿದ ಆಕಾರಗಳೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ದಡದಾಚೆ ಆಳವಿಲ್ಲದ ಖಂಡಾವರಣ ಪ್ರದೇಶವಿದೆ. ನದಿಗಳು ತಂದ ಮಣ್ಣು ಮೊದಲು ಕೂಡುವುದು ಇಲ್ಲೇ. ಅದರ ಅಂಚಿನಿಂದ ಖಂಡಾವರಣ ಇಳಿಜಾರು ಶುರು. ಇಳಿಜಾರನ್ನು ಸೀಳಿಕೊಂಡು ಹೋಗುವ ಕಡಲೊಳಗಿನ ಕಂದರಗಳು ಮಣ್ಣಿಗೆ ಕಾಲುವೆ ಇದ್ದ ಹಾಗೆ. ಮೈದಾನ ತಲುಪಿದ ಕೆಸರು ತಗ್ಗು ಸಿಕ್ಕಲ್ಲಿ ನಿಲ್ಲುತ್ತದೆ. ಅತ್ತ ನಡುಗಡಲಿನ ಪರ್ವತ ಸಾಲು ಸುಮಾರು 65,000 ಕಿಲೋಮೀಟರ್ ಉದ್ದವಿದೆ. ಅಲ್ಲಿ ಲಾವಾದಿಂದ ಈಗಷ್ಟೇ ಹುಟ್ಟಿದ ನೆಲ ಬೋಳುಬೋಳು. ಹೊದ್ದುಕೊಳ್ಳಲು ಅದಕ್ಕಿನ್ನೂ ಸಮಯವೇ ಸಿಕ್ಕಿಲ್ಲ.

ಹಾಗಾದರೆ ಎಲ್ಲಕ್ಕಿಂತ ದೊಡ್ಡದಾದ ಪೆಸಿಫಿಕ್‌ನಲ್ಲಿ ಇಂಥ ಮೈದಾನಗಳು ಅಟ್ಲಾಂಟಿಕ್‌ಗಿಂತ ಕಡಿಮೆ ಏಕೆ? ಅದರ ಅಂಚಿನುದ್ದಕ್ಕೂ ಬಹಳ ಕಡೆ ಆಳವಾದ ಸಾಗರ ತಗ್ಗುಗಳಿವೆ. ಸುಮಾರು 11 ಕಿಲೋಮೀಟರ್ ಆಳದ ಮರಿಯಾನಾ ತಗ್ಗು ಇರುವುದೂ ಇಲ್ಲೇ. ಖಂಡಗಳಿಂದ ಹೊರಟ ಕೆಸರು ಬಹುಪಾಲು ದಾರಿಯಲ್ಲೇ ಇಂಥ ತಗ್ಗುಗಳಿಗೆ ಬಿದ್ದುಬಿಡುತ್ತದೆ. ಅದಕ್ಕೇ ಆಚೆಯ ಗುಡ್ಡಗಳು ಇನ್ನೂ ಗುಡ್ಡಗಳಾಗಿಯೇ ಉಳಿದಿವೆ.