ಹತ್ತು ಕಿಲೋಕ್ಕೆ ಸರಿ, ನೂರು ಕಿಲೋಕ್ಕೆ ಮಂಡೆಬೆಚ್ಚ

ಕಳೆದ ವರ್ಷ ಮಳೆ ಹಿಡಿಯುವ ಮೊದಲು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯಿಂದ ಒಬ್ಬರು ನನ್ನಲ್ಲಿಗೆ ಬಂದರು. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಡಬ್ಬ. ಫೈಲಿನಲ್ಲಿ ತೆಂಗಿನಕಾಯಿ ಚಿಪ್ಸ್ ಮಾಡುವ ತಂತ್ರಜ್ಞಾನಕ್ಕೆ ಸಂಶೋಧನಾ ಸಂಸ್ಥೆ ಕೊಟ್ಟ ಲೈಸೆನ್ಸ್. ಡಬ್ಬದಲ್ಲಿ ಅವರೇ ಮಾಡಿದ ಚಿಪ್ಸ್. ಅರ್ಧ ಬೆಳ್ಳಗೆ, ಅರ್ಧ ಕಂದು. ಕೆಲವು ಕುರುಕುರು, ಕೆಲವು ಚರ್ಮದ ಹಾಗೆ.

“ತರಬೇತಿಯಲ್ಲಿ ಚಂದ ಬಂದಿತ್ತು ಅಣ್ಣ. ಮನೆಯಲ್ಲಿ ಮಾಡಿದರೆ ಹೀಗೆ. ಅವರು ಎಂತದೋ ಹೇಳದೆ ಬಿಟ್ಟಿದ್ದಾರಾ?”

ಯಾರೂ ಏನೂ ಬಚ್ಚಿಟ್ಟಿರಲಿಲ್ಲ. ಸಣ್ಣ ಆಹಾರ ಘಟಕಗಳಿಗೆ ಯಂತ್ರ ಕೂರಿಸಿಕೊಡುವುದು, ಸಂಶೋಧನಾ ಸಂಸ್ಥೆಗಳ ಜೊತೆ ಅವರ ಒಪ್ಪಂದ ಓದಿಕೊಡುವುದು ನನ್ನ ಕೆಲಸ. ಈ ಪ್ರಶ್ನೆ ನನಗೆ ಹೊಸತಲ್ಲ.

ಚಿಪ್ಸ್ ಮಾಡುವ ಕ್ರಮ ಕೇಳಲು ಸುಲಭ. ಪೂರ್ತಿ ಬಲಿಯದ ಕಾಯಿಯ ತಿರುಳನ್ನು ತೆಳ್ಳಗೆ ಹೆರೆದು, ಸಕ್ಕರೆ ಪಾಕದಲ್ಲಿ ನೆನೆಸಬೇಕು. ಪಾಕ ತಿರುಳಿನ ನೀರನ್ನು ಎಳೆಯುತ್ತದೆ, ಸಿಹಿ ಒಳಗೆ ಹೋಗುತ್ತದೆ. ಆಮೇಲೆ ಬಿಸಿಗಾಳಿಯಲ್ಲಿ ಒಣಗಿಸಬೇಕು. ಲ್ಯಾಬಿನಲ್ಲಿ ಕಾಯಿ ಆರಿಸಿ ತರುತ್ತಾರೆ. ಡ್ರೈಯರ್ ಚಿಕ್ಕದು, ಟ್ರೇ ನಾಲ್ಕೈದು, ಎಲ್ಲ ಕಡೆ ಗಾಳಿ ಒಂದೇ ಸಮ. ಇವರು ತಂದದ್ದು ವ್ಯಾಪಾರಿಯ ಲಾರಿಯ ಕಾಯಿ. ಅದರಲ್ಲಿ ಎಂಟು ತಿಂಗಳದ್ದೂ ಉಂಟು, ಹನ್ನೆರಡು ತಿಂಗಳದ್ದೂ ಉಂಟು. ಕಾಯಿ ಬಲಿತಷ್ಟೂ ಎಣ್ಣೆ ಜಾಸ್ತಿ, ತಿರುಳು ಗಟ್ಟಿ. ಡ್ರೈಯರ್ ಕೊಯಮತ್ತೂರಿನಿಂದ ತರಿಸಿದ ದೊಡ್ಡದು, ನೂರು ಕಿಲೋದ್ದು. ಫ್ಯಾನಿನ ಹತ್ತಿರದ ಟ್ರೇ ಸುಡುವಾಗ ಮೂಲೆಯ ಟ್ರೇ ಇನ್ನೂ ಒದ್ದೆ.

ಹತ್ತು ಕಿಲೋಕ್ಕೆ ಸರಿಯಾದದ್ದು ನೂರು ಕಿಲೋಕ್ಕೆ ಯಾಕೆ ಸರಿಯಾಗುವುದಿಲ್ಲ ಎಂದು ನೋಡುವ ಕೆಲಸ ಲೈಸೆನ್ಸ್ ಫೀಸಿನಲ್ಲಿ ಸೇರಿಲ್ಲ. ವಿಜ್ಞಾನಿಗೆ ಅದರಿಂದ ಪೇಪರ್ ಬರುವುದಿಲ್ಲ. ಡ್ರೈಯರ್ ಮಾರಿದವನು ತೆಂಗಿನಕಾಯಿ ಒಣಗಿಸಿ ನೋಡಿದವನಲ್ಲ. ಬ್ಯಾಂಕ್ ಯಂತ್ರಕ್ಕೆ ಸಾಲ ಕೊಡುತ್ತದೆ, ಹಾಳಾದ ಆರು ಬ್ಯಾಚಿಗೆ ಕೊಡುವುದಿಲ್ಲ. ಕೇಂದ್ರದ ಪಿಎಂಎಫ್ಎಂಇ ಯೋಜನೆಯಲ್ಲಿ ಸಣ್ಣ ಆಹಾರ ಘಟಕಕ್ಕೆ ಶೇಕಡಾ 35, ಗರಿಷ್ಠ 10 ಲಕ್ಷದ ಸಬ್ಸಿಡಿ ಇದೆ. ಒಳ್ಳೆಯದೇ. ಅದೂ ಹೆಚ್ಚಾಗಿ ಯಂತ್ರಕ್ಕೇ ಹೋಗುತ್ತದೆ. ತಪ್ಪು ಮಾಡಿ ಕಲಿಯುವ ಖರ್ಚು ಮನೆಯವರ ತಲೆ ಮೇಲೆ.

ವಿಶ್ವವಿದ್ಯಾಲಯ ಮತ್ತು ಉದ್ಯಮದ ಸಹಯೋಗ ಅಂದರೆ ನಮಗೆ ಕಣ್ಣಿಗೆ ಬರುವುದು ಒಡಂಬಡಿಕೆಗೆ ಸಹಿ ಹಾಕುವ ಫೋಟೋ. ನಾನು ನೋಡುವುದು ಈ ಖರ್ಚನ್ನು ಯಾರು ಹೊರುತ್ತಾರೆ ಎಂಬುದನ್ನು.

ಕಾಸರಗೋಡಿನಲ್ಲಿ ಜ್ಞಾನಕ್ಕೆ ಬರ ಇಲ್ಲ. ಮದ್ರಾಸ್ ಸರಕಾರ ಇಲ್ಲಿ ತೆಂಗು ಸಂಶೋಧನಾ ಕೇಂದ್ರ ಶುರು ಮಾಡಿದ್ದು 1916ರಲ್ಲಿ. ಆ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ನಮ್ಮ ಬಾಯಲ್ಲಿ ಸಿಪಿಸಿಆರ್‌ಐ, ಆಯಿತು. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, 2009ರದ್ದು. ಪೊವ್ವಲ್‌ನಲ್ಲಿ ಇಂಜಿನಿಯರಿಂಗ್ ಕಾಲೇಜು. ಗಡಿ ದಾಟಿದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ಸುರತ್ಕಲ್‌ನ ಎನ್‌ಐಟಿಕೆ ಇಂಜಿನಿಯರಿಂಗ್ ಸಂಸ್ಥೆ. ಇಷ್ಟು ಇಟ್ಟುಕೊಂಡು ನಮ್ಮ ಹುಡುಗರು ಗಲ್ಫಿಗೆ ಟಿಕೆಟ್ ಹುಡುಕುತ್ತಾರೆ. ಆ ಮಾತು ಇನ್ನೊಮ್ಮೆ.

ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು, ಸಂಶೋಧನೆ ಕೇಳಬೇಡಿ, ಟೆಸ್ಟ್ ಕೇಳಿ. ನಿಮ್ಮ ಎಣ್ಣೆಯಲ್ಲಿ ತೇವಾಂಶ ಎಷ್ಟು, ನಿಮ್ಮ ಚಿಪ್ಸ್ ಎಷ್ಟು ದಿನ ಬಾಳುತ್ತದೆ, ಇಂಥ ಸಣ್ಣ ಪ್ರಶ್ನೆ. ಹೆಚ್ಚಿನ ಸಂಸ್ಥೆಗಳು ಫೀಸು ಕಟ್ಟಿದರೆ ಮಾಡಿಕೊಡುತ್ತವೆ. ಹೋಗಿ ಬಂದು ಯಾವ ಮೇಡಂ ಫೋನ್ ಎತ್ತುತ್ತಾರೆ, ಯಾವ ಸಾರ್ ಸ್ಯಾಂಪಲ್ ಮರೆಯುವುದಿಲ್ಲ ಎಂದು ಗೊತ್ತಾಗುತ್ತದೆ. ಆಮೇಲೆ ಸಲಹೆಗೆ ಒಪ್ಪಂದ, ಆಮೇಲೆ ಲೈಸೆನ್ಸ್, ಆಮೇಲೆ ನೀವೇ ಹಣ ಹಾಕಿ ಮಾಡಿಸುವ ಸಂಶೋಧನೆ. ತಲೆಕೆಳಗಾಗಿ ಹೋದವರು ಸೋತದ್ದನ್ನು ಜಾಸ್ತಿ ನೋಡಿದ್ದೇನೆ.

ವಿದ್ಯಾರ್ಥಿಗಳಿಂದ ಪ್ರಾಜೆಕ್ಟ್ ಮಾಡಿಸುವುದು ಅಗ್ಗದ ದಾರಿ. ಆದರೆ ಅವರ ಕ್ಯಾಲೆಂಡರೇ ಬೇರೆ, ನಮ್ಮ ಕ್ಯಾಲೆಂಡರೇ ಬೇರೆ. ಒಮ್ಮೆ ಅಡಿಕೆಯ ಮಹಾಳಿಗೆ, ಅಂದರೆ ಕೊಳೆರೋಗಕ್ಕೆ, ಮದ್ದು ಬಿಡುವ ಸಲಕರಣೆ ಸುಧಾರಿಸಲು ಒಂದು ಕಾಲೇಜಿನ ಜೊತೆ ಮಾತಾಡಿದ್ದೆ. ಮಹಾಳಿ ಬರುವುದು ಜೂನ್‌ನಿಂದ ಸೆಪ್ಟೆಂಬರ್ ತನಕ, ಜಡಿಮಳೆಯಲ್ಲಿ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಈ ಬೋರ್ಡೋ ದ್ರಾವಣವನ್ನು ಮಳೆ ಬಿಟ್ಟ ಅರ್ಧ ದಿನದಲ್ಲಿ ಮರದ ತುದಿಗೆ ಮುಟ್ಟಿಸುವುದೇ ಸಮಸ್ಯೆ. ಮಕ್ಕಳು ಬಂದದ್ದು ಜನವರಿಯಲ್ಲಿ! ತೋಟ ಒಣಗಿ ಕೂತಿತ್ತು. ಪಾಪ, ಬರೀ ನೀರು ಹಾರಿಸಿ, ವರದಿ ಬರೆದು, ಮಾರ್ಕು ತಗೊಂಡು ಹೋದರು. ತಪ್ಪು ನನ್ನದೂ ಹೌದು. ಒಪ್ಪಂದದಲ್ಲಿ ತಿಂಗಳು ಬರೆಸಿರಲಿಲ್ಲ. ಈಗ ಮೊದಲು ಬರೆಸುವುದೇ ಅದು.

ಇನ್ನು ಕಾಗದದ ವಿಷಯ. ಇಲ್ಲಿ ಸ್ವಲ್ಪ ನಿಧಾನ ಓದಿ.

ಲೈಸೆನ್ಸ್ ಅಂದರೆ ನಿಮಗೊಬ್ಬರಿಗೇ ಎಂದು ಹಲವರು ತಿಳಿದಿರುತ್ತಾರೆ. ಸರಕಾರಿ ಸಂಸ್ಥೆಗಳು ಸಾಮಾನ್ಯವಾಗಿ ಹಲವರಿಗೆ ಕೊಡುತ್ತವೆ. ಜನರ ದುಡ್ಡಿನ ಸಂಶೋಧನೆ, ಹತ್ತು ಜನ ಮಾಡಲಿ ಎಂಬ ಲೆಕ್ಕ. ಅದು ನ್ಯಾಯವೇ. ಆದರೆ ಬದಿಯಡ್ಕದಲ್ಲಿ ನಿಮಗೆ ಕೊಟ್ಟದ್ದನ್ನು ಕುಂಬಳೆಯಲ್ಲಿ ಇನ್ನೊಬ್ಬರಿಗೂ ಕೊಡಬಹುದು. ಮಾರುಕಟ್ಟೆ ಲೆಕ್ಕ ಹಾಕುವಾಗ ಇದು ತಲೆಯಲ್ಲಿರಲಿ.

ಎರಡನೆಯದು ಪೇಟೆಂಟು. ಅರ್ಜಿ ಹಾಕುವ ಮೊದಲೇ ವಿಷಯ ಪ್ರಕಟವಾದರೆ ಹೊಸತು ಎಂಬ ಮಾತೇ ಬಿದ್ದು ಹೋಗುತ್ತದೆ. ವಿನಾಯಿತಿ ಇದೆ, ಬಹಳ ಕಿರಿದು. ಲೈಬ್ರರಿಯಲ್ಲಿ ಎಲ್ಲರಿಗೂ ಸಿಗುವ ಪ್ರಬಂಧವೂ ಪ್ರಕಟಣೆಯೇ. ಪ್ರೊಫೆಸರಿಗೆ ಬೇಗ ಪೇಪರ್ ಬೇಕು, ನಿಮಗೆ ಗುಟ್ಟು ಬೇಕು. ಇಬ್ಬರದ್ದೂ ಸರಿ. ಹಾಗಾಗಿ ನಾನು ಒಂದು ಸಾಲು ಬರೆಸುತ್ತೇನೆ: ಪ್ರಕಟಿಸುವ ಮೊದಲು ನಮಗೆ ತೋರಿಸಿ, ಮೂರು ತಿಂಗಳು ಕಾಯಿರಿ. ಅಷ್ಟರಲ್ಲಿ ತಾತ್ಕಾಲಿಕ ಅರ್ಜಿ ಹಾಕಬಹುದು. ಅದು ಹಾಕಿದ ಮೇಲೆ ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕದಲ್ಲಿ ಶೇಕಡಾ 80 ಕಡಿತವಿದೆ. ದುಡ್ಡಿಲ್ಲ ಎಂಬ ನೆವ ಈಗ ನಡೆಯುವುದಿಲ್ಲ.

ಆದರೆ ಮೂರು ತಿಂಗಳು ಕಾಯಿರಿ ಎನ್ನುವುದು ಬೇರೆ, ಪ್ರಕಟಿಸಲೇಬೇಡಿ ಎನ್ನುವುದು ಬೇರೆ. ಎರಡನೆಯದನ್ನು ಬರೆಯಲು ನಾನು ಒಪ್ಪುವುದಿಲ್ಲ. ಈ ಕಾರಣಕ್ಕೆ ಒಂದಿಬ್ಬರು ಗಿರಾಕಿಗಳು ಬಿಟ್ಟು ಹೋದದ್ದೂ ಉಂಟು. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಜಾಸ್ತಿ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ನಮ್ಮದು. ಸುಪ್ರೀಂ ಕೋರ್ಟ್ ಆ ಮದ್ದನ್ನೇ ಇಡೀ ದೇಶದಲ್ಲಿ ತಡೆದದ್ದು 2011ರಲ್ಲಿ. ಹಣ ಕೊಟ್ಟವರಿಗೆ ಬೇಡದ ಫಲಿತಾಂಶ ಕಪಾಟಿನಲ್ಲಿ ಕೂತರೆ ಏನಾಗುತ್ತದೆ ಎಂದು ಆ ವಿಷದಿಂದ ನರಳಿದ ಎಣ್ಮಕಜೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಪ್ಪಂದ ಇರುವುದು ಇಂಗ್ಲಿಷಿನಲ್ಲಿ, ಕಚೇರಿಯ ಮಾತು ಮಲಯಾಳದಲ್ಲಿ, ನಾವು ಯೋಚಿಸುವುದು ಕನ್ನಡದಲ್ಲೋ ತುಳುವಿನಲ್ಲೋ. ಯಾರಿಂದಾದರೂ ಪ್ರತಿ ಸಾಲಿನ ಅರ್ಥ ಕನ್ನಡದಲ್ಲಿ ಹೇಳಿಸಿಕೊಂಡೇ ಸಹಿ ಹಾಕಿ. ನಾಚಿಕೆ ಬೇಡ.

ಕೆಲವೊಮ್ಮೆ ತಂತ್ರವೂ ಸರಿ, ಕಾಗದವೂ ಸರಿ, ಆದರೂ ನಿಲ್ಲುತ್ತದೆ. ಕಲ್ಪರಸ ನೋಡಿ. ತೆಂಗಿನ ಹೊಂಬಾಳೆಯ ರಸ ಮಡಕೆಗೆ ಬಿದ್ದ ಕೆಲವೇ ಗಂಟೆಯಲ್ಲಿ ಹುಳಿಯಲು ಶುರು. ಹಿಂದಿನವರು ಮಡಕೆಗೆ ಸುಣ್ಣ ಬಳಿಯುತ್ತಿದ್ದರು. ಸಿಪಿಸಿಆರ್‌ಐಯವರು ಹೊಂಬಾಳೆಯ ಕೊಯ್ದ ತುದಿಗೆ ಐಸ್ ತುಂಬಿದ ಪೆಟ್ಟಿಗೆ ಕಟ್ಟಿದರು. ತಂಪಿನಲ್ಲೇ ಇಳಿದ ರಸ ಸುಣ್ಣವಿಲ್ಲದೆ ಸಿಹಿಯಾಗಿ ಉಳಿಯಿತು. ಎಷ್ಟು ಸರಳ ಉಪಾಯ, ಅಲ್ವಾ? ಆದರೆ ಅದೇ ರಸ ಹುಳಿದರೆ ಕಳ್ಳು, ಕಳ್ಳು ಅಂದರೆ ಅಬಕಾರಿ. ಕೇರಳದಲ್ಲಿ ನೀರಾಕ್ಕೆ, ಅಂದರೆ ಹುಳಿಯದ ಈ ರಸಕ್ಕೆ, ನಿಯಮ ಬಂದು ಲೈಸೆನ್ಸಿನ ದಾರಿ ತೆರೆದದ್ದು 2014ರಲ್ಲಿ. ಮರ ಹತ್ತುವ ಜನ, ಮರದಿಂದ ಅಂಗಡಿ ತನಕ ಐಸು, ಇವೆಲ್ಲ ಅದರ ಮೇಲಿನ ಖರ್ಚು. ಐಸ್ ಪೆಟ್ಟಿಗೆ ನೋಡಿ ಬಂಡವಾಳ ಲೆಕ್ಕ ಹಾಕಿದವರಿಗೆ ಉಳಿದದ್ದು ಆಮೇಲೆ ಗೊತ್ತಾಯಿತು.

ಹಳೆಯ ತಲೆಮಾರು ಇದನ್ನು ಕೊಕ್ಕೊದಲ್ಲಿ ಕಂಡಿದೆ. ಅಡಿಕೆಯ ನಡುವೆ ಕೊಕ್ಕೊ ನೆಡಿ ಎಂದದ್ದನ್ನು ನಂಬಿ ರೈತರು ನೆಟ್ಟರು. ಬೆಳೆ ಬಂದಾಗ ಕೊಳ್ಳುವವರು ಹಿಂದೆ ಸರಿದರು. ಅಡಿಕೆಗಾಗಿ 1973ರಲ್ಲಿ ಹುಟ್ಟಿದ ರೈತರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಆಗ ಕೊಕ್ಕೊ ಖರೀದಿಗೂ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಸಂಶೋಧನೆಗೆ ಗಿರಾಕಿ ಸಿಕ್ಕಿದ್ದು ರೈತರೇ ಕಾರ್ಖಾನೆಯ ಯಜಮಾನರಾದಾಗ. ನನ್ನ ಮಟ್ಟಿಗೆ ಈ ಸೀಮೆ ಕಂಡ ದೊಡ್ಡ ಸಹಯೋಗ ಅದೇ, ಯಾರೂ ಅದನ್ನು ಆ ಹೆಸರಿನಿಂದ ಕರೆಯದಿದ್ದರೂ.

ಪೆರ್ಲದವರ ಚಿಪ್ಸಿಗೆ ನಾವು ಮಾಡಿದ್ದು ಸಣ್ಣ ಕೆಲಸ. ಲೈಸೆನ್ಸ್ ಕೊಟ್ಟ ವಿಜ್ಞಾನಿಯನ್ನು ಒಂದು ದಿನ ಘಟಕಕ್ಕೇ ಕರೆಸಿದೆವು, ಕಾರು ಬಾಡಿಗೆ ಮತ್ತು ಊಟದ ಖರ್ಚಿನಲ್ಲಿ. ಅವರು ಡ್ರೈಯರಿನ ಮೂಲೆ ಮೂಲೆಗೆ ಥರ್ಮಾಮೀಟರ್ ಇಟ್ಟು ನೋಡಿದರು, ಅರ್ಧದಷ್ಟೇ ಟ್ರೇ ತುಂಬಿ ಎಂದರು. ಊರಿನ ವೆಲ್ಡರ್ ಒಳಗೆ ಎರಡು ತಗಡು ಕೂರಿಸಿ ಗಾಳಿ ತಿರುಗಿಸಿದ. ಕಾಯಿಯನ್ನು ಲಾರಿಯಿಂದ ತರುವುದು ಬಿಟ್ಟು ನೆರೆಯ ಐದಾರು ತೋಟದಿಂದ ಗೊನೆ ಲೆಕ್ಕದಲ್ಲಿ ಇಳಿಸಿದೆವು. ಈಗ ನೂರು ಕಿಲೋದ ಡ್ರೈಯರಿನಲ್ಲಿ ಐವತ್ತು ಕಿಲೋ ಒಣಗುತ್ತದೆ, ಆದರೆ ಐವತ್ತೂ ಬೆಳ್ಳಗೆ ಬರುತ್ತದೆ.

ಮೊನ್ನೆ ಅವರ ಫೋನು. ಚಿಪ್ಸ್ ಸುದ್ದಿಯೇ ಇಲ್ಲ.

“ಕಾಯಿ ಒಡೆದ ನೀರು ಬಕೆಟ್ ಬಕೆಟ್ ತೋಡಿಗೆ ಹೋಗುತ್ತಾ ಉಂಟು ಅಣ್ಣ. ಅದರಿಂದ ವಿನೆಗರ್ ಆಗುತ್ತದಂತೆ. ಲ್ಯಾಬಿನಲ್ಲಿ ಎಷ್ಟು ಲೀಟರ್ ಮಾಡಿ ನೋಡಿದ್ದಾರೆ ಎಂದು ಮೊದಲು ಕೇಳಿ ಹೇಳ್ತೀರಾ?”